ಆಫೀಸಿನ ದಾರಿ, ಮನೆಯ ದಾರಿ

ಆಟಿಕಸ್ ಫಿಂಚ್‌ನಂಥ ವಕೀಲ ಆಗಬೇಕು ಅಂತ ಹೇಳಿಕೊಂಡು ಓಡಾಡುತ್ತಿದ್ದೀಯಂತೆ. ಆಗು ಮಗೂ, ಧಾರಾಳವಾಗಿ ಆಗು. ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ 1960ರಲ್ಲಿ ಬಂತು. ಮರುವರ್ಷ ಪುಲಿಟ್ಜರ್ ಬಹುಮಾನ, ಅದರ ಮರುವರ್ಷ ಗ್ರೆಗರಿ ಪೆಕ್ ನಟಿಸಿದ ಸಿನಿಮಾ. ಆಗಿನಿಂದಲೂ ಕಪ್ಪು ಕೋಟಿನ ಕನಸು ಕಾಣುವ ಮಕ್ಕಳಿಗೆ ಆಟಿಕಸ್ ಅಂದರೆ ಮನೆದೇವರು. ನನಗೂ ಅವನ ಮೇಲೆ ಬಹಳ ಗೌರವ ಉಂಟು. ಆದರೆ ನಿನ್ನ ಪುಸ್ತಕ ತೆಗೆದು ನೋಡಿದೆ. ಕೋರ್ಟಿನ ಅಧ್ಯಾಯಗಳಲ್ಲಿ ಪೆನ್ಸಿಲ್ ಗೆರೆಯೋ ಗೆರೆ. ಆಮೇಲಿನ ನೂರು ಪುಟ, ಒಂದೇ ಒಂದು ಕಡೆ ಬಿಟ್ಟರೆ, ಅಂಗಡಿಯಿಂದ ತಂದ ಹಾಗೇ ಇದೆ, ಒಂದು ಮೂಲೆ ಕೂಡ ಮಡಚಿಲ್ಲ. ವಾದ ಮುಗಿಯಿತು, ಕಥೆಯೂ ಮುಗಿಯಿತು ಅಂದುಕೊಂಡೆ, ಅಲ್ಲವೇ? ನಿನ್ನ ಅವಸರ ನನಗೆ ಗೊತ್ತಿಲ್ಲವೇ! ನಿನ್ನಂಥವರು ಕೂತು ಓದಬೇಕಾದ ಭಾಗ ಶುರುವಾಗುವುದೇ ತೀರ್ಪು ಬಂದ ಮೇಲೆ.

ಕಥೆ ಓದದವರೂ ಪಕ್ಕದಲ್ಲಿ ಕೂತಿರಬಹುದು, ಅವರಿಗೆ ನಾಲ್ಕು ಮಾತು. 1930ರ ದಶಕ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮೇಕೋಂಬ್ ಎಂಬ ಕಲ್ಪನೆಯ ಊರು. ಟಾಮ್ ರಾಬಿನ್ಸನ್ ಎಂಬ ಕಪ್ಪು ಜನಾಂಗದ ಕೂಲಿಯಾಳು ಬಿಳಿಯರ ಹುಡುಗಿ ಮೇಯೆಲ್ಲಾಳ ಮೇಲೆ ಅತ್ಯಾಚಾರ ಮಾಡಿದ ಅಂತ ಆರೋಪ. ದೂರು ಕೊಟ್ಟವನು ಅವಳ ಅಪ್ಪ ಬಾಬ್ ಯೂವೆಲ್. ನ್ಯಾಯಾಧೀಶ ಟೇಲರ್ ಆಟಿಕಸ್‌ನನ್ನು ಟಾಮ್‌ನ ಪರವಾಗಿ ನಿಲ್ಲಿಸುತ್ತಾನೆ. ಹುಡುಗಿಯ ಮುಖದ ಬಲಗಡೆಗೆ ಪೆಟ್ಟು ಬಿದ್ದಿದೆ, ಅಂದರೆ ಹೊಡೆದದ್ದು ಎಡಗೈ. ಟಾಮ್‌ನ ಎಡಗೈಯೋ, ಅವನು ಹುಡುಗನಾಗಿದ್ದಾಗಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಆಟಿಕಸ್ ಯೂವೆಲ್‌ನ ಕೈಯಲ್ಲಿ ಹೆಸರು ಬರೆಸುತ್ತಾನೆ, ಅವನು ಎಡಗೈಯಲ್ಲಿ ಬರೆಯುತ್ತಾನೆ. ಇಡೀ ಕೋರ್ಟಿಗೆ ವಿಷಯ ತಿಳಿಯುತ್ತದೆ. ಆದರೂ ಬಿಳಿಯರೇ ತುಂಬಿದ ಜ್ಯೂರಿ ಟಾಮ್‌ನನ್ನು ತಪ್ಪಿತಸ್ಥ ಅನ್ನುತ್ತದೆ. ಮೇಲ್ಮನವಿಗೆ ಕಾಯಲಾರದೆ ಜೈಲಿನ ಬೇಲಿ ಹತ್ತಿದ ಟಾಮ್ ಕಾವಲುಗಾರರ ಗುಂಡಿಗೆ ಸಾಯುತ್ತಾನೆ.

ಈಗ ಒಂದು ಪ್ರಶ್ನೆ. ಮೊಕದ್ದಮೆ ಗೆದ್ದವರು ಯಾರು? ಯೂವೆಲ್. ಹಾಗಿದ್ದರೆ ಗೆದ್ದವನಿಗೆ ಸೋತ ವಕೀಲನ ಮೇಲೆ ಯಾಕೆ ಹಗೆ? ಇದನ್ನು ನೀನು ಯೋಚಿಸಿರಲಾರೆ. ನ್ಯಾಯ ಕಳೆದುಕೊಂಡವನಿಗೆ ಸಿಟ್ಟು ಅನ್ನುವುದು ನಿನ್ನ ಲೆಕ್ಕ. ಲೋಕದ ಲೆಕ್ಕ ಬೇರೆ ಇದೆ. ಮಾನ ಕಳೆದುಕೊಂಡವನ ಸಿಟ್ಟು ಅದಕ್ಕಿಂತ ಉದ್ದ ಬಾಳುತ್ತದೆ. ಯೂವೆಲ್‌ಗೆ ಇದ್ದದ್ದಾದರೂ ಏನು? ಊರಾಚೆಯ ಕಸದ ಗುಂಡಿಯ ಹಿಂದೊಂದು ಗುಡಿಸಲು. ಸರಕಾರ ಕೊಡುವ ಪರಿಹಾರದ ಚೆಕ್ಕು ಕುಡಿತಕ್ಕೆ, ಹೊಟ್ಟೆಗಿಲ್ಲದ ಮಕ್ಕಳ ಹಿಂಡು ಮನೆಯಲ್ಲಿ. ಅವನ ಆಸ್ತಿ ಅಂತ ಇದ್ದದ್ದು ಒಂದೇ, ತನ್ನ ಬಿಳಿ ಚರ್ಮ, ಅದರಿಂದ ತನಗಿಂತ ಕೆಳಗೆ ಇನ್ನೊಬ್ಬರಿದ್ದಾರೆ ಅನ್ನುವ ಸಮಾಧಾನ. ಆ ಸಾಕ್ಷಿಕಟ್ಟೆಯಲ್ಲಿ ಆಟಿಕಸ್ ಒಂದೇ ಒಂದು ಕೆಟ್ಟ ಮಾತು ಆಡದೆ, ಒಂದು ಹೆಸರು ಬರೆಸಿ ಅದನ್ನೂ ಕಿತ್ತುಕೊಂಡ. ಜ್ಯೂರಿ ಅವನ ಪರವಾಗಿ ತೀರ್ಪು ಕೊಟ್ಟಿತು, ಆದರೆ ಅವನನ್ನು ನಂಬಲಿಲ್ಲ. ತನ್ನನ್ನು ಯಾರೂ ನಂಬಲಿಲ್ಲ ಅನ್ನುವುದು ಯೂವೆಲ್‌ಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಅವನು ಪೋಸ್ಟಾಫೀಸಿನ ಮೂಲೆಯಲ್ಲಿ ಆಟಿಕಸ್‌ನನ್ನು ತಡೆದು ಮುಖಕ್ಕೆ ಉಗುಳಿದ. ಜೀವಮಾನ ಪೂರ್ತಿ ಹಿಡಿದರೂ ಸರಿ, ನಿನ್ನನ್ನು ಬಿಡುವುದಿಲ್ಲ ಅಂದ. ಆಟಿಕಸ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ, ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡು ನಡೆದುಹೋದ. ಇಲ್ಲಿ ನಿನ್ನ ಪೆನ್ಸಿಲ್ ಒಂದು ಸಲ ಎದ್ದಿದೆ, ಅಂಚಿನಲ್ಲಿ ಶಭಾಷ್ ಅಂತಲೂ ಬರೆದಿದ್ದೀಯ. ಸರಿಯಾಗೇ ಬರೆದಿದ್ದೀಯ. ಬೀದಿಯಲ್ಲಿ ಉಗುಳಿಸಿಕೊಂಡು ಕೈ ಎತ್ತದೆ ಇರುವುದಕ್ಕೆ ಹೊಡೆದಾಡುವುದಕ್ಕಿಂತ ಹೆಚ್ಚಿನ ಎದೆ ಬೇಕು. ನನ್ನ ತಕರಾರು ಆ ಕ್ಷಣದ್ದಲ್ಲ, ಆಮೇಲೆ ಮನೆಗೆ ಬಂದು ಮಕ್ಕಳ ಮುಂದೆ ಅವನು ಮಾಡಿದ ಲೆಕ್ಕದ್ದು.

ಮಕ್ಕಳು ಹೆದರಿದ್ದರು. ಅಪ್ಪ, ಯಾರ ಹತ್ತಿರವಾದರೂ ಒಂದು ಬಂದೂಕು ಇಸಕೊಂಡು ಬಾ ಅಂತ ಗೋಗರೆದರು. ಅವನು ಮಗ ಜೆಮ್‌ನನ್ನು ಕೂರಿಸಿಕೊಂಡು, ಒಂದು ಗಳಿಗೆ ಯೂವೆಲ್‌ನ ಜಾಗದಲ್ಲಿ ನಿಂತು ನೋಡು ಅಂದ. ಅವನ ಮರ್ಯಾದೆಯ ಕೊನೆಯ ಚೂರನ್ನೂ ನಾನು ಕೋರ್ಟಿನಲ್ಲಿ ತೆಗೆದೆ, ಅವನು ಆ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳಲೇಬೇಕು, ಮೇಯೆಲ್ಲಾಳ ಬೆನ್ನಿಗೆ ಬೀಳುವ ಏಟು ನನ್ನ ಮುಖದ ಮೇಲಿನ ಎಂಜಲಿನಲ್ಲಿ ಮುಗಿದರೆ ನನಗೆ ಸಂತೋಷವೇ ಅಂತ ಹೇಳಿದ. ಎಂಥ ದೊಡ್ಡ ಮನಸ್ಸು ನೋಡು. ಕಾರಣವನ್ನು ಅಷ್ಟು ನಿಖರವಾಗಿ ಹಿಡಿದ. ಆದರೆ ಕಾರಣ ತಿಳಿದ ಮಾತ್ರಕ್ಕೆ ಪರಿಣಾಮವೂ ತಿಳಿಯಿತು ಅಂದುಕೊಂಡ. ಸಿಟ್ಟು ಬಂತು, ಉಗುಳಿದ, ಖಾಲಿಯಾಯಿತು ಅಂತ ಲೆಕ್ಕ ಹಾಕಿದ. ಕುಕ್ಕರ್ ಒಂದು ಸೀಟಿ ಹೊಡೆಯಿತು ಅಂದರೆ ಒಲೆ ಆರಿತು ಅಂತ ಅರ್ಥವೇನು ಮಗೂ? ಒಳಗೆ ಕುದಿಯುತ್ತಿದೆ ಅಂತ ಅರ್ಥ.

ಒಳ್ಳೆಯವರ ಎಡವಟ್ಟು ಇಲ್ಲೇ. ಇನ್ನೊಬ್ಬನ ಜಾಗದಲ್ಲಿ ನಿಂತು ನೋಡುತ್ತಾರೆ, ಆದರೆ ನಿಲ್ಲುವಾಗ ತಮ್ಮ ಸ್ವಭಾವವನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತಾರೆ. ಆಟಿಕಸ್‌ಗೆ ಯಾರ ಮೇಲಾದರೂ ದೂರು ಇದ್ದರೆ ಅವನು ಹಗಲಲ್ಲಿ, ಎದುರಿಗೆ, ನಾಲ್ಕು ಜನ ಕೇಳುವಂತೆ ಹೇಳುವವನು. ಹೇಳಿಯಾದ ಮೇಲೆ ಮರೆಯುವವನು. ಯೂವೆಲ್ ಕೂಡ ಹಾಗೇ ಮಾಡುತ್ತಾನೆ ಅಂದುಕೊಂಡ. ಬಂದರೆ ನನ್ನ ಹತ್ತಿರ ಬರುತ್ತಾನೆ, ಬಂದರೆ ಎದುರಿಗೇ ಬರುತ್ತಾನೆ.

ನೀನು ಹಾರಿಸಿಕೊಂಡು ಹೋದ ಪುಟಗಳಲ್ಲಿ ಏನೇನಾಯಿತು ಗೊತ್ತೇ? ಟಾಮ್ ಸತ್ತ ಸುದ್ದಿ ಬಂದಾಗ ಯೂವೆಲ್, ಒಬ್ಬ ಹೋದ, ಇನ್ನು ಇಬ್ಬರು ಬಾಕಿ ಅನ್ನುವಂಥ ಮಾತಾಡಿದ ಅಂತ ಊರಲ್ಲಿ ಹರಡಿತು. ಆಮೇಲೆ ಶರತ್ಕಾಲದಲ್ಲಿ ಒಂದರ ಹಿಂದೊಂದು ಮೂರು ಸಂಗತಿ. ಮೊದಲನೆಯದು, ಸರಕಾರದ ಉದ್ಯೋಗ ಯೋಜನೆಯಲ್ಲಿ ಯೂವೆಲ್‌ಗೆ ಕೆಲಸ ಸಿಕ್ಕಿ, ಸೋಮಾರಿತನಕ್ಕೆ ಕೆಲವೇ ದಿನದಲ್ಲಿ ಹೋಯಿತು. ಆ ಕೆಲಸ ಕಳೆದವನು ಆಟಿಕಸ್ಸೇ ಅಂತ ಅವನು ಪರಿಹಾರದ ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿದ. ಅಲ್ಲಿನ ಹೆಂಗಸು ಗಾಬರಿಯಾಗಿ, ಆಟಿಕಸ್‌ನ ಆಫೀಸಿನವರೆಗೆ ನಡೆದು ಬಂದು ತಿಳಿಸಿದಳು. ಅದಕ್ಕೆ ಆಟಿಕಸ್ ಕೊಟ್ಟ ಉತ್ತರ ಏನು ಅಂತೀಯ? ಮಾತಾಡಬೇಕು ಅಂತಿದ್ದರೆ ಅವನಿಗೆ ನನ್ನ ಆಫೀಸಿನ ದಾರಿ ಗೊತ್ತಿದೆ ಅಂತ.

ಈ ಉತ್ತರ ಓದಿದಾಗ ನನಗೆ ಪುಸ್ತಕದೊಳಕ್ಕೆ ಕೈ ಹಾಕಿ ಅವನ ಭುಜ ಅಲುಗಾಡಿಸಬೇಕು ಅನ್ನಿಸುತ್ತದೆ. ಆಫೀಸಿನ ದಾರಿ ಹಿಡಿಯುವವನು ಆ ಮನುಷ್ಯನಲ್ಲಪ್ಪಾ!

ಎರಡನೆಯದು, ಭಾನುವಾರ ರಾತ್ರಿ. ನ್ಯಾಯಾಧೀಶ ಟೇಲರ್‌ನ ಹೆಂಡತಿ ಚರ್ಚಿಗೆ ಹೋಗಿದ್ದಳು. ಅವನೊಬ್ಬನೇ ಓದುತ್ತ ಕೂತಿದ್ದ. ಹಿತ್ತಲ ಕಡೆಯಿಂದ ಕೆರೆಯುವ ಸದ್ದು. ನಾಯಿ ಇರಬೇಕು ಅಂತ ಹೋಗಿ ನೋಡಿದರೆ ಬಾಗಿಲ ಜಾಲರಿ ತೂಗಾಡುತ್ತಿತ್ತು, ಮನೆಯ ಮೂಲೆಯಲ್ಲಿ ಒಂದು ನೆರಳು ಸರಿಯಿತು. ಹೆಂಡತಿ ಬಂದು ನೋಡುವಾಗ ನ್ಯಾಯಾಧೀಶ ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು ಓದುತ್ತಿದ್ದ. ಈ ಮನುಷ್ಯ ಸೂಕ್ಷ್ಮ ಅರಿತವನು ನೋಡು. ಗಲಾಟೆ ಮಾಡಲಿಲ್ಲ, ಓದುವುದನ್ನೂ ನಿಲ್ಲಿಸಲಿಲ್ಲ, ಆದರೆ ಬಂದೂಕು ಕೈಗೆಟುಕುವಂತೆ ಇಟ್ಟುಕೊಂಡ.

ಮೂರನೆಯದು ಹೆಲೆನ್‌ಳದ್ದು, ಟಾಮ್‌ನ ವಿಧವೆ. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಈ ಮೂರನ್ನೂ ಒಂದು ಸಾಲಿನಲ್ಲಿ ಇಟ್ಟು ನೋಡು. ಬೆನ್ನ ಹಿಂದೆ ಚಾಡಿ, ಖಾಲಿ ಅಂದುಕೊಂಡ ಮನೆಯ ಹಿತ್ತಲು, ಒಂಟಿ ಹೆಂಗಸು. ಒಂದರಲ್ಲೂ ಎದುರಿಗೆ ನಿಂತದ್ದಿಲ್ಲ. ಆಟಿಕಸ್‌ಗೆ ಮೂರೂ ತಿಳಿದಿತ್ತು. ತಂಗಿ ಅಲೆಕ್ಸಾಂಡ್ರಾ ಕಳವಳಪಟ್ಟಾಗ, ಅವನ ಸೇಡು ಎಲ್ಲರ ಮೇಲೂ ಹೆಚ್ಚು ಕಡಿಮೆ ತೀರಿತಲ್ಲ, ಹವಾ ಬದಲಾದರೆ ತಣ್ಣಗಾಗುತ್ತಾನೆ ಅನ್ನುವ ಧಾಟಿಯಲ್ಲಿ ಸಮಾಧಾನ ಹೇಳಿದ.

ಹವಾ ಬದಲಾಯಿತು. ಅಕ್ಟೋಬರ್ ಕೊನೆ, ಹ್ಯಾಲೋವೀನ್ ರಾತ್ರಿ, ಚಂದ್ರನಿಲ್ಲದ ಕತ್ತಲು. ಶಾಲೆಯಲ್ಲಿ ನಾಟಕ. ಆಟಿಕಸ್ ವಾರವೆಲ್ಲ ಮಾಂಟ್‌ಗಾಮರಿಯಲ್ಲಿದ್ದು ದಣಿದು ಬಂದಿದ್ದ, ಅಲೆಕ್ಸಾಂಡ್ರಾಳಿಗೂ ಸುಸ್ತು. ಹದಿಮೂರು ತುಂಬದ ಜೆಮ್ ಪುಟ್ಟ ತಂಗಿ ಸ್ಕೌಟ್‌ಳನ್ನು ಕರೆದುಕೊಂಡು ಹೋದ. ವಾಪಸು ಬರುವಾಗ ಅವಳ ಮೈಮೇಲೆ ಇನ್ನೂ ನಾಟಕದ ವೇಷ, ಕೋಳಿಗೂಡಿಗೆ ಬಳಸುವ ತಂತಿಬಲೆ ಬಗ್ಗಿಸಿ ಬಟ್ಟೆ ಹೊದಿಸಿ ಮಾಡಿದ ಹಂದಿತೊಡೆಯ ವೇಷ. ಮರದ ಕೆಳಗೆ ಯೂವೆಲ್ ಚಾಕು ಹಿಡಿದು ಕಾದಿದ್ದ. ಜೆಮ್‌ನ ಎಡಗೈ ಮೊಣಕೈ ಹತ್ತಿರ ಮುರಿಯಿತು. ಸ್ಕೌಟ್ ಉಳಿದದ್ದು ಆ ತಂತಿಯಿಂದ, ಮತ್ತೆ ವರ್ಷಗಟ್ಟಲೆ ಮನೆಯಿಂದ ಹೊರಗೆ ಕಾಲಿಡದ ನೆರೆಯವನು ಬೂ ರಾಡ್ಲಿ ಎದ್ದು ಬಂದದ್ದರಿಂದ. ಅಪ್ಪನ ತತ್ವದಿಂದ ಅಲ್ಲ.

ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ತಲೆ ನರೆಸಿಕೊಂಡವನು ನಾನು. ಬದುವಿನ ವ್ಯಾಜ್ಯ, ಪಾಲುಪಟ್ಟಿ, ದಾರಿ ತಕರಾರು, ನನ್ನ ಹೊಟ್ಟೆ ಹೊರೆದದ್ದು ಇವೇ. ಕೋರ್ಟಿನ ಗೇಟಿನಲ್ಲಿ ನಿನ್ನ ಕೈಕಾಲು ಮುರಿಯುತ್ತೇನೆ ಅಂತ ಕೂಗಿದವನು ಆ ಕೈಕಾಲಿನ ತಂಟೆಗೆ ಹೋದದ್ದು ಅಪರೂಪ. ಹೋದದ್ದು ಹುಲ್ಲಿನ ಬಣವೆಗೆ. ರಾತ್ರೋರಾತ್ರಿ ಬಣವೆಗೆ ಬೆಂಕಿ ಬಿತ್ತು. ಫಸಲಿಗೆ ಬಂದ ಅಡಿಕೆ ಮರಗಳು ನೆಲಕ್ಕೆ ಮಲಗಿದವು. ಪಂಪ್‌ಸೆಟ್ಟಿನ ಕೇಬಲ್ ತುಂಡಾಯಿತು. ಹೊಳೆದಾಟಿ ಶಾಲೆಗೆ ಹೋಗುವ ಹುಡುಗಿಯ ಹಿಂದೆ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಬಂದರು. ಹಿಂದಿನ ದಿನ ನನ್ನ ಕಕ್ಷಿದಾರ ಮೀಸೆ ತಿರುವಿ, ಬರಲಿ ಬಿಡಿ ಸ್ವಾಮಿ, ನಾನೇನು ಬಳೆ ತೊಟ್ಟುಕೊಂಡಿಲ್ಲ ಅಂದಿರುತ್ತಿದ್ದ. ಅವನು ಧೈರ್ಯವಂತನೇ. ಆದರೆ ಬಣವೆಗೆ ಮೀಸೆ ಇರುವುದಿಲ್ಲ.

ಹೇಡಿಯ ಬೆದರಿಕೆಯನ್ನು ಕಡಿಮೆ ತೂಗುವುದು ಧೈರ್ಯವಂತರ ಜಾಯಮಾನ. ಅವನು ಹೇಡಿ ಅಂತ ಗೊತ್ತಾದ ಕೂಡಲೇ ಇವರು ನಿಶ್ಚಿಂತರಾಗುತ್ತಾರೆ. ನಿಜವಾಗಿ ನೋಡಿದರೆ ಹೆಚ್ಚು ಎಚ್ಚರ ಬೇಕಾದದ್ದು ಆಗಲೇ. ಧೀರನಾದ ವೈರಿ ನಿನ್ನನ್ನೇ ಹುಡುಕಿಕೊಂಡು ಬರುತ್ತಾನೆ. ಹೇಡಿ ನಿನ್ನ ಸುತ್ತ ಯಾರು ಮೆತ್ತಗಿದ್ದಾರೆ ಅಂತ ನೋಡುತ್ತಾನೆ. ಕಾದಂಬರಿಯ ಕೊನೆಗೆ ಶೆರಿಫ್ ಹೆಕ್ ಟೇಟ್ ಆಟಿಕಸ್‌ಗೆ ಬಿಡಿಸಿ ಹೇಳುವುದು ಇದನ್ನೇ. ಅವನು ಬಂದರೆ ನನ್ನ ಮೇಲೇ ಬರುತ್ತಾನೆ ಅಂದುಕೊಂಡಿದ್ದೆ ಅಂತ ಆಟಿಕಸ್ ಕೊರಗುತ್ತಾನೆ. ಅದಕ್ಕೆ ಟೇಟ್, ಬಡ ಹೆಂಗಸನ್ನು ಪೀಡಿಸಿದವನು, ಖಾಲಿ ಮನೆ ಅಂತ ಹಿತ್ತಲಿಗೆ ಹೋದವನು, ಹಗಲಲ್ಲಿ ನಿಮ್ಮೆದುರು ನಿಲ್ಲುತ್ತಿದ್ದನೇ ಅಂತ ಕೇಳುತ್ತಾನೆ. ಟೇಟ್ ಅಂಥ ಪಂಡಿತನೇನಲ್ಲ. ಆದರೆ ದಿನಬೆಳಗಾದರೆ ಇಂಥವರ ಮುಖ ನೋಡಿದವನು.

ನಮ್ಮ ಮಹಾಭಾರತದಲ್ಲೂ ಹೀಗೇ ಆಗಲಿಲ್ಲವೇ. ಹದಿನೆಂಟು ದಿನದ ಯುದ್ಧ ಮುಗಿದು, ದುರ್ಯೋಧನ ತೊಡೆ ಮುರಿದು ಬಿದ್ದ ರಾತ್ರಿ. ಗೆದ್ದವರ ಪಾಳೆಯ ನಿಶ್ಚಿಂತೆಯಾಗಿ ನಿದ್ದೆ ಹೋಗಿತ್ತು. ಅಶ್ವತ್ಥಾಮ ಆಗ ಬಂದ. ಪಾಂಡವರು ಆ ರಾತ್ರಿ ಪಾಳೆಯದಲ್ಲಿ ಇರಲಿಲ್ಲ. ಸತ್ತವರು ದ್ರೌಪದಿಯ ಐದೂ ಮಕ್ಕಳು, ಮಲಗಿದ್ದಲ್ಲಿಯೇ.

ಆಟಿಕಸ್‌ಗೆ ಈ ಭ್ರಮೆ ಬಂದದ್ದು ಎಲ್ಲಿಂದ? ಅವನು ಮಂಕನಲ್ಲ, ಮುಗ್ಧನೂ ಅಲ್ಲ. ನನಗೆ ಕಾಣುವ ಮಟ್ಟಿಗೆ, ಅವನಿಗೆ ಮೊದಲೊಮ್ಮೆ ಸಿಕ್ಕಿದ ಗೆಲುವು ಅವನನ್ನು ದಾರಿ ತಪ್ಪಿಸಿತು. ವಿಚಾರಣೆಗೆ ಮುಂಚೆ, ಟಾಮ್‌ನನ್ನು ಜೈಲಿನಿಂದ ಎಳೆದು ಕೊಲ್ಲಲು ಒಂದು ಗುಂಪು ಬಂತಲ್ಲ, ಆ ರಾತ್ರಿ ನೆನಪು ಮಾಡಿಕೋ. ಆಟಿಕಸ್ ಜೈಲಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಮನೆಯಿಂದ ತಂದ ಬಲ್ಬು ಉರಿಸಿಕೊಂಡು, ಪೇಪರ್ ಓದುತ್ತ ಕೂತಿದ್ದ. ಗುಂಪು ಸುತ್ತುವರಿಯಿತು. ಎಲ್ಲಿಂದಲೋ ಓಡಿಬಂದ ಸ್ಕೌಟ್ ಆ ಗುಂಪಿನಲ್ಲಿ ಸಹಪಾಠಿಯ ಅಪ್ಪ ಕನಿಂಗ್‌ಹ್ಯಾಮ್‌ನನ್ನು ಗುರುತು ಹಿಡಿದು, ನಿಮ್ಮ ಮಗ ನನ್ನ ಕ್ಲಾಸು, ಅವನಿಗೆ ಕೇಳಿದೆ ಅಂತ ಹೇಳಿ ಅಂದಳು. ಆ ಮನುಷ್ಯ ನಾಚಿದ. ಎಲ್ಲರನ್ನೂ ಕರೆದುಕೊಂಡು ಹೊರಟುಹೋದ. ಮುಂದೆ ಜ್ಯೂರಿಯಲ್ಲಿ ಟಾಮ್‌ನನ್ನು ಬಿಡಬೇಕು ಅಂತ ಮೊದಮೊದಲು ಹಟ ಹಿಡಿದದ್ದೂ ಕನಿಂಗ್‌ಹ್ಯಾಮ್ ಕುಲದವನೊಬ್ಬನೇ. ಆಟಿಕಸ್‌ನ ನಂಬಿಕೆ ಗಟ್ಟಿಯಾಯಿತು: ಗುಂಪಿನಲ್ಲೂ ಮನುಷ್ಯನೇ ಇರುತ್ತಾನೆ, ಮುಟ್ಟಿ ಎಬ್ಬಿಸಿದರೆ ಏಳುತ್ತಾನೆ.

ಆ ನಂಬಿಕೆ ಸುಳ್ಳಲ್ಲ. ಕನಿಂಗ್‌ಹ್ಯಾಮ್ ವಿಷಯದಲ್ಲಿ ಸುಳ್ಳಲ್ಲ. ಅವನು ಸಾಲ ಇದ್ದರೆ ಕಟ್ಟಿಗೆ, ಸೊಪ್ಪು, ಕಾಯಿ ತಂದಿಟ್ಟಾದರೂ ತೀರಿಸುವ ಬಡ ರೈತ. ಉಳಿಸಿಕೊಳ್ಳಲು ಅವನಿಗೊಂದು ಮುಖ ಇತ್ತು. ಮಗನ ಹೆಸರು ಕಿವಿಗೆ ಬಿದ್ದ ಕೂಡಲೇ ಅವನಿಗೆ ಆ ಮುಖದ ನೆನಪಾಯಿತು. ಯೂವೆಲ್‌ಗೂ ಅದೇ ಮದ್ದು ಹತ್ತುತ್ತದೆ ಅಂತ ಆಟಿಕಸ್ ನಂಬಿದ. ಬಡತನ ಇಬ್ಬರಲ್ಲೂ ಇತ್ತು, ಬಿಳಿಯರು ಇಬ್ಬರೂ, ಸಿಟ್ಟೂ ಇಬ್ಬರದ್ದೇ. ಆದರೆ ಒಬ್ಬನಿಗೆ ನಾಚಿಕೆ ಇದೆ, ಇನ್ನೊಬ್ಬನಿಗೆ ಬರೀ ಅವಮಾನ ಇದೆ. ನಾಚಿಕೆ ಇರುವವನನ್ನು ಮಾತಿನಲ್ಲಿ ಹಿಂದಕ್ಕೆ ಕಳಿಸಬಹುದು. ಬರೀ ಅವಮಾನವೇ ಉಳಿದವನು ಅದನ್ನು ಯಾರ ತಲೆಗೆ ಕಟ್ಟಲಿ ಅಂತ ಹುಡುಕುತ್ತಿರುತ್ತಾನೆ. ನಿನ್ನ ಮುಂದೆ ಬಂದು ಕೂಗಾಡುವವನು ಇವರಿಬ್ಬರಲ್ಲಿ ಯಾರು ಅಂತ ಮೊದಲು ಗೊತ್ತು ಮಾಡಿಕೋ. ಅವನು ಸಾಲ ಹೇಗೆ ತೀರಿಸುತ್ತಾನೆ, ಮನೆಯಲ್ಲಿ ಹೆಂಡತಿ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಾನೆ, ವಿಚಾರಿಸು. ಮನೆಯವರ ಮೈಮೇಲೆ ಕೈ ಮಾಡುವವನ ಬೆದರಿಕೆಯನ್ನು ಯಾವತ್ತೂ ಬಾಯಿಮಾತು ಅಂತ ಬಿಡಬೇಡ. ಯೂವೆಲ್‌ನ ಎಡಗೈ ಯಾರ ಮುಖದ ಮೇಲೆ ಬಿದ್ದಿತ್ತು ಅಂತ ಕೋರ್ಟಿಗೆ ತೋರಿಸಿಕೊಟ್ಟವನೇ ಆಟಿಕಸ್. ಮಗಳಿಗೆ ಹಾಗೆ ಹೊಡೆದವನು ಬೇರೆಯವರ ಮಕ್ಕಳನ್ನು ಬಿಟ್ಟಾನೇ?

ಇನ್ನೊಂದು ನನ್ನನ್ನು ಕಾಡುತ್ತದೆ. ಅದೇ ಆಟಿಕಸ್, ಹುಚ್ಚು ನಾಯಿಯೊಂದು ಬೀದಿಗೆ ಬಂದಾಗ, ಎಷ್ಟೋ ವರ್ಷದಿಂದ ಮುಟ್ಟದ ಬಂದೂಕನ್ನು ಟೇಟ್‌ನ ಕೈಯಿಂದ ತೆಗೆದುಕೊಂಡು ಒಂದೇ ಗುಂಡಿಗೆ ಹೊಡೆದು ಬೀಳಿಸಿದವನು. ನಾಯಿ ಇನ್ನೂ ದೂರದಲ್ಲಿತ್ತು, ಯಾರನ್ನೂ ಕಚ್ಚಿರಲಿಲ್ಲ. ಕಚ್ಚುವವರೆಗೆ ಅವನು ಕಾಯಲಿಲ್ಲ. ರೋಗ ಕಣ್ಣಿಗೆ ಕಂಡರೆ ಸಾಕಾಯಿತು. ಮನುಷ್ಯನ ವಿಷಯಕ್ಕೆ ಬಂದಾಗ ಮಾತ್ರ, ಇವನಿಗೆ ವಾಸಿಯಾಗುತ್ತದೆ ಅನ್ನುವ ಆಸೆಯನ್ನು ಅವನು ಬಿಡಲಾರ. ಆ ಆಸೆ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಯೂವೆಲ್‌ನನ್ನು ಹೊಡೆದುಹಾಕಬೇಕಿತ್ತು ಅಂತಲೂ ಅಲ್ಲ. ಅವನು ವಾಸಿಯಾಗುವವರೆಗೆ ಮಕ್ಕಳನ್ನು ಆ ಬೀದಿಗೆ ಒಂಟಿಯಾಗಿ ಬಿಡಬೇಡ ಅಂತ ಅಷ್ಟೆ.

ಮುಂಚೆಯೇ ಎಚ್ಚರಿಸಿದವರು ಇರಲಿಲ್ಲವೇ? ಇದ್ದರು. ತಂಗಿ ಅಲೆಕ್ಸಾಂಡ್ರಾ ಅಂದಳು, ಅಂಥವರು ಸೇಡಿಗೆ ಏನು ಬೇಕಾದರೂ ಮಾಡುತ್ತಾರೆ, ಕಳ್ಳತನದಲ್ಲಿ ಏನಾದರೂ ಮಾಡಿಯೇ ಮಾಡುತ್ತಾನೆ ಅಂತ. ಈ ಸಣ್ಣ ಊರಿನಲ್ಲಿ ಕದ್ದುಮುಚ್ಚಿ ಮಾಡಲು ಜಾಗವಾದರೂ ಎಲ್ಲಿದೆ ಅಂತ ಅಣ್ಣ ಮಾತು ಮುಗಿಸಿದ. ಅಲೆಕ್ಸಾಂಡ್ರಾ ನಿನಗೆ ಇಷ್ಟವಾಗಿರುವುದಿಲ್ಲ, ನನಗೆ ಗೊತ್ತು. ಕುಲ, ಮನೆತನ, ಹುಡುಗಿಯರು ಲಂಗ ಹಾಕಬೇಕು ಅನ್ನುವ ಪಿರಿಪಿರಿ ಹೆಂಗಸು. ಕಪ್ಪು ಜನರ ಬಗ್ಗೆ ಅವಳ ಮನಸ್ಸು ಕಿರಿದು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಈ ಒಂದು ವಿಷಯದಲ್ಲಿ ಅವಳು ಸರಿ. ಊರಿನ ಹಗೆತನಗಳ ಕಥೆಯನ್ನು ಜಗಲಿಯಲ್ಲಿ ಕೂತು ಕೇಳಿ ಕೇಳಿ ಅವಳಿಗೆ ಅದರ ನಡೆ ಗೊತ್ತಿತ್ತು. ನಿನ್ನ ಸೋದರತ್ತೆ ಫೋನ್ ಮಾಡಿ, ಆ ಮನುಷ್ಯನ ಸಹವಾಸ ಬೇಡ, ಅವನ ಕಣ್ಣು ಸರಿಯಿಲ್ಲ ಅಂದಾಗ ನೀನು ಮೊಬೈಲನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ನಗುತ್ತೀಯಲ್ಲ, ಅದನ್ನು ನಾನು ಕಂಡಿದ್ದೇನೆ. ಹತ್ತಿರ ಹಿಡಿದು ಕೇಳು. ಅತ್ತೆಯ ಉಳಿದ ಉಪದೇಶವನ್ನೆಲ್ಲ ಬೇಕಾದರೆ ಬಿಡು, ಮನುಷ್ಯರ ಕಣ್ಣಿನ ವಿಷಯ ಬಂದಾಗ ಮಾತ್ರ ಕೇಳು.

ಮಕ್ಕಳಿಗೂ ಭಯವಿತ್ತು. ಇಬ್ಬರು ಬಾಕಿ ಅನ್ನುವ ಮಾತು ಜೆಮ್‌ನ ಕಿವಿಗೆ ಬಿದ್ದಿತ್ತು. ಅವನು ತಂಗಿಗೆ ಏನು ಹೇಳಿದ ಗೊತ್ತೇ? ಯೂವೆಲ್ ಬರೀ ಬಾಯಿಬಡುಕ, ಹೆದರಬೇಡ, ಮತ್ತೆ ಈ ವಿಷಯ ನಮಗೆ ಗೊತ್ತು ಅಂತ ಅಪ್ಪನಿಗೆ ತಿಳಿಯಕೂಡದು, ತಿಳಿಸಿದರೆ ನಿನ್ನ ಜೊತೆ ಮಾತೇ ಬಿಡುತ್ತೇನೆ ಅಂತ. ಈ ಪುಟ ಸಣ್ಣದು, ಬೇಗ ಓದಿದರೆ ಜಾರಿಹೋಗುತ್ತದೆ. ನೋಡು, ಅಪ್ಪನ ಅಂದಾಜು ಮಗನ ಬಾಯಿಗೆ ಬಂದಿದೆ. ಅಪ್ಪ ಅಷ್ಟು ಶಾಂತವಾಗಿದ್ದಾನೆ, ಅವನ ಶಾಂತಿ ಕೆಡಿಸಬಾರದು ಅಂತ ಮಕ್ಕಳು ತಮ್ಮ ಹೆದರಿಕೆ ನುಂಗಿಕೊಂಡರು. ಮನೆಯಲ್ಲಿ ಒಬ್ಬ ಸ್ಥಿತಪ್ರಜ್ಞ ಇದ್ದರೆ ಉಳಿದವರು ಭಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಿನಗೂ ಆ ಗುಣ ಇದೆ. ಯಾರಾದರೂ ಆತಂಕದಿಂದ ಏನಾದರೂ ಹೇಳಿದರೆ, ಅಯ್ಯೋ ಅಷ್ಟೇ ತಾನೇ, ಬಿಡು ಅನ್ನುತ್ತೀಯ. ಧೈರ್ಯ ತುಂಬುವ ಆಸೆ, ಒಪ್ಪಿದೆ. ಆದರೆ ಎರಡು ಸಲ ಹಾಗೆ ಅನ್ನಿಸಿಕೊಂಡವರು ಮೂರನೆಯ ಸಲ ನಿನ್ನ ಹತ್ತಿರ ಬರುವುದಿಲ್ಲ. ಆ ಮೂರನೆಯದೇ ನಿನಗೆ ತಿಳಿಯಬೇಕಾದ ಸುದ್ದಿ ಆಗಿರಬಹುದು.

ಕೇಳಿದ ಕೂಡಲೇ ಪಿಸ್ತೂಲಿಗೆ ಲೈಸೆನ್ಸ್ ಅರ್ಜಿ ಹಾಕಬೇಡ, ಬೀದಿಯಲ್ಲಿ ಕಂಡವರನ್ನೆಲ್ಲ ಅನುಮಾನಿಸಬೇಡ. ಬಂದೂಕು ಇಟ್ಟುಕೊಳ್ಳುವುದು ಗುಂಡಿಗೆ ಆಹ್ವಾನ ಕೊಟ್ಟ ಹಾಗೆ ಅಂತ ಆಟಿಕಸ್ ಮಕ್ಕಳಿಗೆ ಹೇಳುತ್ತಿದ್ದ, ಅದು ಸರಿಯೇ. ಅವನು ಕೇಸು ಹಿಡಿದದ್ದು ಸರಿ, ಎಡಗೈ ಬಯಲಿಗೆ ತಂದದ್ದು ಸರಿ, ಎಂಜಲು ಒರೆಸಿಕೊಂಡು ನಡೆದದ್ದೂ ಸರಿ. ಇಷ್ಟೆಲ್ಲ ಸರಿ ಮಾಡಿದವನಿಗೆ ಇನ್ನೊಂದು ಸಣ್ಣ ಕೆಲಸ ಕಷ್ಟವಾಗಿರಲಿಲ್ಲ. ಕಕ್ಷಿದಾರನಿಗೆ ಅಪಾಯ ಅಂದಾಗ ಜೈಲಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು ರಾತ್ರಿ ಕಾದವನು ಅವನು. ಅದೇ ಮನುಷ್ಯ ಮಕ್ಕಳ ಜೊತೆ ಶಾಲೆಯವರೆಗೆ ನಡೆಯಲಿಲ್ಲ. ಟಾಮ್‌ನ ಜೀವದ ಮೇಲೆ ಬಂದ ಬೆದರಿಕೆ ಅವನಿಗೆ ಬೆದರಿಕೆಯಾಗಿ ಕಂಡಿತು. ತನ್ನ ಮೇಲೆ ಬಂದದ್ದು ಬರೀ ಎಂಜಲಾಗಿ ಕಂಡಿತು. ತತ್ವವಂತರು ತಮಗೆ ಬಂದ ಅಪಾಯವನ್ನು ದೊಡ್ಡದು ಮಾಡಿಕೊಳ್ಳಲು ಸಂಕೋಚಪಡುತ್ತಾರೆ. ಹೇಳಿಕೊಂಡರೆ ಅಂಜುಬುರುಕತನ ಅನ್ನಿಸೀತು ಅಂತ. ಆ ಸಂಕೋಚದ ಬೆಲೆಯನ್ನು ಅವರ ಪಕ್ಕದಲ್ಲಿರುವವರು ಕಟ್ಟುತ್ತಾರೆ.

ನೀನು ಲಾ ಓದುವ ಕೂಸು, ಕಾನೂನು ಏನನ್ನುತ್ತದೆ ಅಂತಲೂ ನೋಡು. 1860ರ ಭಾರತೀಯ ದಂಡ ಸಂಹಿತೆಯ 503ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 351 ಆಗಿದೆ. ಕ್ರಿಮಿನಲ್ ಬೆದರಿಕೆ ಅಂದರೇನು ಅಂತ ಹೇಳುವಾಗ ಅದು ಬೆದರಿಕೆಗೆ ಗುರಿಯಾದವನ ದೇಹ, ಮಾನ, ಆಸ್ತಿಗೇ ನಿಲ್ಲುವುದಿಲ್ಲ. ಅವನಿಗೆ ಬೇಕಾದವರ ದೇಹ, ಮಾನಕ್ಕೆ ಹಾನಿ ಮಾಡುತ್ತೇನೆ ಅನ್ನುವುದನ್ನೂ ಸೇರಿಸಿಕೊಳ್ಳುತ್ತದೆ. ಆ ಕಲಮನ್ನು ಬರೆದವರಿಗೆ ಯೂವೆಲ್‌ನಂಥವರ ಪರಿಚಯ ಚೆನ್ನಾಗಿತ್ತು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೀಯ, ಸಂತೋಷ. ಇನ್ನು ಮನೆಗೆ ಬರುವ ದಾರಿಯಲ್ಲಿ ಸ್ವಲ್ಪ ನೆನಪು ಮಾಡಿಕೊಳ್ಳುತ್ತಿರು. ಯಾರಾದರೂ ಬೆದರಿಸಿದರೆ ಅಂದೇ ಬರೆದಿಡು, ದಿನ, ಹೊತ್ತು, ಆಡಿದ ಮಾತು, ಹತ್ತಿರ ಇದ್ದವರು. ಠಾಣೆಗೆ ಒಂದು ಅರ್ಜಿ ಕೊಡು, ಸ್ವೀಕೃತಿ ತೆಗೆದುಕೋ. ಮನೆಯವರಿಗೆ ಹೇಳು, ಪಕ್ಕದ ಮನೆಯವರಿಗೂ ಹೇಳು. ಇದರಲ್ಲಿ ಅಂಜುಬುರುಕತನ ಏನೂ ಇಲ್ಲ.

ಈಗ ಹೆಲೆನ್ ವಿಷಯ. ಟಾಮ್ ಸತ್ತ ಮೇಲೆ ಅವನ ಯಜಮಾನ ಲಿಂಕ್ ಡೀಸ್ ಅವಳಿಗೆ ಕೆಲಸ ಕೊಟ್ಟ. ಯೂವೆಲ್ ಮನೆಯ ಮುಂದಿನ ರಸ್ತೆಯಲ್ಲಿ ಮೊದಲ ಸಲ ಹೋದಾಗ ಆ ಮನೆಯವರು ಅವಳ ಮೇಲೆ ಏನೇನೋ ಎಸೆದರು. ಅಂದಿನಿಂದ ಅವಳು ಸುಮಾರು ಒಂದು ಮೈಲಿ ಸುತ್ತು ಹಾಕಿಕೊಂಡು ಕೆಲಸಕ್ಕೆ ಬರತೊಡಗಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳುವವರಾದರೂ ಯಾರಿದ್ದರು ಅವಳಿಗೆ? ದಿನಾ ಬೆಳಿಗ್ಗೆ ಇವಳು ಉಲ್ಟಾ ದಿಕ್ಕಿನಿಂದ ಬರುತ್ತಾಳಲ್ಲ ಅಂತ ಲಿಂಕ್ ಡೀಸ್ ಗಮನಿಸಿದ, ಗಮನಿಸಿ ಕೇಳಿದ. ಆಮೇಲೆ ತಾನೇ ಅವಳ ಜೊತೆ ಹೋಗಿ ಆ ಮನೆಯ ಮುಂದೆ ನಿಂತು ಗದರಿಸಿದ. ಮರುದಿನ ಯೂವೆಲ್ ಅವಳ ಹಿಂದೆ ಲಿಂಕ್ ಡೀಸ್‌ನ ಮನೆಯವರೆಗೂ ಕೆಟ್ಟ ಮಾತು ಗುನುಗುತ್ತ ಬಂದ, ಕೇಳಿದರೆ ನಾನು ಮುಟ್ಟಿಲ್ಲವಲ್ಲ ಅಂದ. ಮುಟ್ಟಬೇಕಿಲ್ಲ, ಹೆದರಿಸಿದರೆ ಸಾಕು ಜೈಲಿಗೆ ಕಳಿಸಲು ಅಂತ ಲಿಂಕ್ ಡೀಸ್ ಎಚ್ಚರಿಸಿದ. ಆ ಪೀಡೆ ಅಲ್ಲಿಗೆ ನಿಂತಿತು.

ಲಿಂಕ್ ಡೀಸ್‌ನ ಹೆಸರಿನಲ್ಲಿ ಯಾರೂ ಕಾಲೇಜಿನಲ್ಲಿ ಭಾಷಣ ಮಾಡುವುದಿಲ್ಲ. ನಿನ್ನ ಪುಸ್ತಕದಲ್ಲೂ ಅವನ ಹೆಸರಿನ ಕೆಳಗೆ ಗೆರೆ ಇಲ್ಲ. ಆದರೆ ಇಡೀ ಕಾದಂಬರಿಯಲ್ಲಿ ಯೂವೆಲ್‌ನ ಬೆದರಿಕೆಯನ್ನು ಅಳತೆ ತಪ್ಪದೆ ಅಳೆದವರಲ್ಲಿ ಅವನೊಬ್ಬ. ಅವನು ಯೂವೆಲ್‌ನ ಮನಸ್ಸನ್ನು ಓದಲು ಹೋಗಲಿಲ್ಲ, ಹೆಲೆನ್‌ಳ ದಾರಿಯನ್ನು ನೋಡಿದ. ವಕೀಲಿಕೆ ಶುರು ಮಾಡಿದ ಮೊದಲ ದಿನದಿಂದಲೇ ಕಕ್ಷಿದಾರರನ್ನು ಇದನ್ನು ಕೇಳುವ ಅಭ್ಯಾಸ ಇಟ್ಟುಕೋ: ನಿಮ್ಮ ಮನೆಯವರು ಕೆಲಸಕ್ಕೆ, ಶಾಲೆಗೆ, ನೀರಿಗೆ ಯಾವ ದಾರಿಯಲ್ಲಿ ಹೋಗುತ್ತಾರೆ, ಈಚೆಗೆ ಯಾರಾದರೂ ದಾರಿ ಬದಲಾಯಿಸಿದ್ದಾರೆಯೇ? ಗಂಡಸು ಗೊತ್ತಿಲ್ಲ ಅನ್ನುತ್ತಾನೆ. ಅವನ ಹೆಂಡತಿಯನ್ನು ಕೂರಿಸಿ, ಅವಳಿಗೂ ಒಂದು ಲೋಟ ಚಹಾ ತರಿಸಿ, ಅವಳನ್ನೇ ಕೇಳು.